ಕರಿಯದು ಹಸಿರಾದಾಗ

ಹೈಸ್ಕೂಲಿನ ವಿಜ್ಞಾನ ಕೊಠಡಿಯ ಬೀರುವಿನಲ್ಲಿ ಎರಡು ಕಡ್ಡಿಗಳು ಜೋಡಿಯಾಗಿ ಮಲಗಿರುತ್ತವೆ. ಒಂದು ಗಾಜಿನದು, ಇನ್ನೊಂದು ಎಬೊನೈಟಿನದು. ಗಾಜನ್ನು ರೇಷ್ಮೆಗೆ ಉಜ್ಜಿದರೆ ಧನ ಆವೇಶ, ಎಬೊನೈಟನ್ನು ಉಣ್ಣೆಗೆ ಉಜ್ಜಿದರೆ ಋಣ ಆವೇಶ ಎಂದು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ. ಆದರೆ ಪ್ರಯೋಗದ ದಿನ ಆಗುವುದೇ ಬೇರೆ. ಮೇಷ್ಟ್ರು ಉಜ್ಜಿಯೇ ಉಜ್ಜುತ್ತಾರೆ, ಕಾಗದದ ಚೂರು ಮೇಜು ಬಿಟ್ಟು ಏಳುವುದೇ ಇಲ್ಲ. ‘ಇವತ್ತು ಹವೆಯಲ್ಲಿ ತೇವ ಜಾಸ್ತಿ’ ಎಂದು ಹೇಳಿ ಕಡ್ಡಿಯನ್ನು ಮತ್ತೆ ಬೀರುವಿಗೆ ಸೇರಿಸುತ್ತಾರೆ.

ಮೇಷ್ಟ್ರ ಮಾತು ಅರ್ಧ ಸತ್ಯ. ಉಳಿದರ್ಧ ಸತ್ಯ ಆ ಕಡ್ಡಿಯ ಮೈಮೇಲೇ ಇದೆ. ಹೊಸದಾಗಿದ್ದಾಗ ಕಾಡಿಗೆಯಂತೆ ಕಪ್ಪಗೆ ಮಿರುಗುತ್ತಿದ್ದ ಕಡ್ಡಿ ಈಗ ಪಾಚಿ ಒಣಗಿದ ಕಲ್ಲಿನ ಹಾಗೆ ಕಂದು ಹಸಿರಾಗಿದೆ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಗಂಧಕದ ವಾಸನೆ.

ಇದೇ ಕಾಯಿಲೆ ಅಜ್ಜನ ಕಾಲದ ಶಾಯಿ ಪೆನ್ನಿಗೂ ಬರುತ್ತದೆ. ಪೆಟ್ಟಿಗೆಯ ತಳದಲ್ಲಿ ಸಿಕ್ಕ ಪೆನ್ನಿನ ಕ್ಯಾಪು ತೆಗೆದು ನೋಡಿ. ಕ್ಯಾಪಿನ ಒಳಗೆ ಅಡಗಿದ್ದ ಭಾಗ ಇನ್ನೂ ಕಪ್ಪು, ಬೆಳಕಿಗೆ ತೆರೆದಿದ್ದ ಭಾಗ ಕಂದು. ಇದೇ ಕಾಯಿಲೆ ತಂಬಾಕು ಸೇದುವ ಹಳೆಯ ಪೈಪಿನ ಬಾಯಿಕೊಳವೆಗೂ ಬರುತ್ತದೆ. ಈ ಮೂರೂ ಒಂದೇ ವಸ್ತುವಿನ ಮಕ್ಕಳು. ಆ ವಸ್ತುವೇ ಎಬೊನೈಟ್ ಅಥವಾ ವಲ್ಕನೈಟ್. ಸರಳವಾಗಿ ಹೇಳುವುದಾದರೆ ಗಟ್ಟಿ ರಬ್ಬರ್.

ಕಾಯಿಲೆ ಮೂವರಿಗೂ ಇದ್ದರೂ ಅದಕ್ಕೆ ಮದ್ದು ಹುಡುಕುವುದರಲ್ಲಿ ಹೆಚ್ಚು ಬೆವರು ಸುರಿಸಿದವರು ಪೈಪು ರಿಪೇರಿ ಮಾಡುವವರು. ಯೂರೋಪು, ಅಮೆರಿಕಗಳಲ್ಲಿ ಹಳೆಯ ಪೈಪುಗಳನ್ನು ಕೊಂಡು, ಕೈಯಿಂದಲೇ ಉಜ್ಜಿ ಹೊಸದರಂತೆ ಮಾಡುವುದು ಹಲವರ ಹವ್ಯಾಸ, ಕೆಲವರ ಕಸುಬು. ಪೆನ್ನು ಕೈಯಲ್ಲಿರುವ ವಸ್ತು, ಸ್ವಲ್ಪ ಮಾಸಿದ್ದರೂ ನಡೆಯುತ್ತದೆ. ಪೈಪಿನ ಕೊಳವೆ ಹಾಗಲ್ಲ, ಅದನ್ನು ಬಾಯಲ್ಲಿಟ್ಟುಕೊಳ್ಳಬೇಕು. ಹಸಿರಾದ ಕೊಳವೆಯ ರುಚಿ ಕಹಿ. ಆದ್ದರಿಂದಲೇ ಈ ವಿದ್ಯೆ ಅಲ್ಲಿ ಬೆಳೆಯಿತು.

ಒಲೆಯ ಮೇಲೆ ಹುಟ್ಟಿದ ವಸ್ತು

ಕಥೆ ಶುರುವಾಗುವುದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬ ಹಟವಾದಿಯಿಂದ. ಆಗಿನ ಕಾಲದ ರಬ್ಬರು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿತ್ತು, ಚಳಿಗಾಲದಲ್ಲಿ ಕಲ್ಲಾಗಿ ಬಿರಿಯುತ್ತಿತ್ತು. ಇದನ್ನು ಪಳಗಿಸಲು ಗುಡ್‌ಇಯರ್ ಮನೆಮಠ ಕಳೆದುಕೊಂಡ, ಸಾಲಕ್ಕಾಗಿ ಸೆರೆಮನೆಗೂ ಹೋಗಿಬಂದ. 1839ರಲ್ಲಿ ಗಂಧಕ ಬೆರೆಸಿದ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಾಗಿತು. ಅದು ಕರಗಿ ಹರಿಯುವ ಬದಲು ತೊಗಲಿನ ಹಾಗೆ ಸುಟ್ಟು ಗಟ್ಟಿಯಾಯಿತು. ಶಾಖ ಮತ್ತು ಗಂಧಕ ಸೇರಿದರೆ ರಬ್ಬರು ಹದಕ್ಕೆ ಬರುತ್ತದೆ ಎಂಬ ಗುಟ್ಟು ಸಿಕ್ಕಿದ್ದು ಹೀಗೆ. 1844ರಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಕೂಡ ಪೇಟೆಂಟ್ ಪಡೆದ. ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಈ ವಿಧಾನಕ್ಕೆ ವಲ್ಕನೀಕರಣ ಎಂಬ ಹೆಸರು ಬಂತು.

ಟಯರು, ಚಪ್ಪಲಿಗಳಿಗೆ ಬೇಕಾದ ಮೆದು ರಬ್ಬರಿಗೆ ನೂರಕ್ಕೆ ಎರಡು ಮೂರು ಪಾಲು ಗಂಧಕ ಸಾಕು. ಗಂಧಕವನ್ನು ನೂರಕ್ಕೆ ಮೂವತ್ತರ ಆಸುಪಾಸಿಗೆ ಏರಿಸಿ, 150 ಡಿಗ್ರಿ ಸೆಲ್ಸಿಯಸ್‌ನ ಹತ್ತಿರದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಏನಾಗುತ್ತದೆ? ರಬ್ಬರು ರಬ್ಬರಾಗಿ ಉಳಿಯುವುದೇ ಇಲ್ಲ. ಎಳೆದರೆ ಹಿಗ್ಗದ, ಬಗ್ಗಿಸಿದರೆ ಬಗ್ಗದ, ಮರದಂತೆ ಕಡೆಯಬಹುದಾದ ಕರಿಯ ವಸ್ತುವಾಗುತ್ತದೆ. ಇದಕ್ಕೆ 1851ರಲ್ಲಿ ಪೇಟೆಂಟ್ ಪಡೆದವನು ಚಾರ್ಲ್ಸ್‌ನ ತಮ್ಮ ನೆಲ್ಸನ್ ಗುಡ್‌ಇಯರ್. ಎಬೊನಿ ಎಂದರೆ ಕರಿಮರ, ಅದನ್ನು ಹೋಲುವುದರಿಂದ ಎಬೊನೈಟ್. ಅದೇ ವರ್ಷ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿನ ವಸ್ತುಗಳಿಂದಲೇ ಸಜ್ಜಾದ ಮಳಿಗೆಯನ್ನು ನಿಲ್ಲಿಸಿ ಜನರನ್ನು ಬೆರಗುಗೊಳಿಸಿದ. ಇಷ್ಟಾಗಿಯೂ 1860ರಲ್ಲಿ ಅವನು ಸತ್ತಾಗ ಉಳಿದದ್ದು ಸಾಲ. ಈಗಿನ ಟಯರ್ ಕಂಪನಿ 1898ರಲ್ಲಿ ಬೇರೆಯವರು ಹುಟ್ಟುಹಾಕಿದ್ದು. ಅವನ ಹೆಸರನ್ನಷ್ಟೇ ಗೌರವಕ್ಕಾಗಿ ಇಟ್ಟುಕೊಂಡಿದೆ.

ಪ್ಲಾಸ್ಟಿಕ್ ಇಲ್ಲದ ಆ ಕಾಲದಲ್ಲಿ ಎಬೊನೈಟಿಗೆ ಎಲ್ಲೆಲ್ಲೂ ಬೇಡಿಕೆ. ಬಾಚಣಿಗೆ, ಗುಂಡಿ, ಬ್ಯಾಟರಿಯ ಡಬ್ಬಿ, ಕ್ಲಾರಿನೆಟ್ ವಾದ್ಯದ ಬಾಯಿತುದಿ, ಕೊನೆಗೆ ಕಟ್ಟುಹಲ್ಲಿನ ತಳಪಾಯವೂ ಅದರದೇ. ಕಟ್ಟುಹಲ್ಲಿನ ವಲ್ಕನೈಟಿನ ಹಕ್ಕು ಹಿಡಿದಿದ್ದ ಕಂಪನಿಯೊಂದು ಅಮೆರಿಕದ ದಂತವೈದ್ಯರಿಂದ ಕಟ್ಟುನಿಟ್ಟಾಗಿ ಲೈಸೆನ್ಸ್ ಹಣ ವಸೂಲು ಮಾಡುತ್ತಿತ್ತು. ಕೊಡದವರ ಮೇಲೆ ದಾವೆ. 1879ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ರೊಚ್ಚಿಗೆದ್ದು ಕಂಪನಿಯ ಖಜಾಂಚಿ ಜೊಸೈಯಾ ಬೇಕನ್‌ನನ್ನು ಗುಂಡಿಟ್ಟು ಕೊಂದೇಬಿಟ್ಟ. ರಬ್ಬರಿನ ತುಂಡಿಗಾಗಿ ಕೊಲೆ ನಡೆಯುವಷ್ಟು ಬೆಲೆ ಆಗ ಅದಕ್ಕಿತ್ತು.

ಇಂಥ ರಬ್ಬರಿನ ತವರು ನಮ್ಮಿಂದ ದೂರವೇನಲ್ಲ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ತೋಟಗಳಲ್ಲಿ ಬೆಳಗಿನ ಜಾವ ಮರದ ತೊಗಟೆ ಕೆತ್ತಿ ಇಳಿಸುವ ಹಾಲು, ಗಂಧಕ ಮತ್ತು ಶಾಖ ಇಷ್ಟು ಸೇರಿದರೆ ಎಬೊನೈಟಿನ ಸಾಮಗ್ರಿ ಪೂರ್ತಿಯಾಯಿತು.

ಕಪ್ಪು ಏಕೆ ಕೆಡುತ್ತದೆ?

ರಬ್ಬರಿನ ಅಣುಗಳೆಂದರೆ ಉದ್ದುದ್ದ ದಾರಗಳು. ಹಸಿ ರಬ್ಬರಿನಲ್ಲಿ ಇವು ಬಿಡಿಬಿಡಿ, ಒಂದರ ಮೇಲೊಂದು ಜಾರುತ್ತವೆ. ಗಂಧಕದ ಪರಮಾಣುಗಳು ದಾರದಿಂದ ದಾರಕ್ಕೆ ಗಂಟು ಹಾಕುತ್ತವೆ. ಅಲ್ಲಲ್ಲಿ ಒಂದೊಂದು ಗಂಟು ಬಿದ್ದರೆ ಮೀನಿನ ಬಲೆಯ ಹಾಗೆ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಮೆದು ರಬ್ಬರು. ಗಂಟುಗಳು ಒತ್ತೊತ್ತಾಗಿ ಬಿದ್ದರೆ ಬುಟ್ಟಿಯ ಹೆಣಿಗೆಯ ಹಾಗೆ ಬಿಗಿ. ಅದೇ ಎಬೊನೈಟ್.

ಈ ಗಂಟುಗಳಿಗೆ ಶತ್ರು ಬೆಳಕು. ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣಗಳು ಮತ್ತು ಗಾಳಿಯ ಆಮ್ಲಜನಕ ಜೊತೆಗೂಡಿ ಮೇಲ್ಮೈಯ ಗಂಟುಗಳನ್ನು ಬಿಚ್ಚುತ್ತವೆ. ಬಿಡುಗಡೆಯಾದ ಗಂಧಕ ಆಮ್ಲಜನಕದ ಜೊತೆ ಸೇರುತ್ತದೆ, ಹವೆಯ ತೇವವೂ ಕೂಡಿದರೆ ಅತಿ ತೆಳುವಾಗಿ ಗಂಧಕಾಮ್ಲದ ಪದರ ಮೂಡುತ್ತದೆ. ಮೇಲ್ಮೈ ಒರಟಾಗಿ, ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟು ಬಣ್ಣಗೆಡುತ್ತದೆ. ಕಂದು ಹಸಿರು ಬಣ್ಣ, ಗಂಧಕದ ವಾಸನೆ, ಕಹಿ ರುಚಿ ಮೂರಕ್ಕೂ ಮೂಲ ಇದೇ. ವಿಜ್ಞಾನದಲ್ಲಿ ಇದಕ್ಕೆ ಉತ್ಕರ್ಷಣ ಎಂದು ಹೆಸರು. ಕಬ್ಬಿಣ ತುಕ್ಕು ಹಿಡಿಯುವುದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ.

ಈಗ ಮೇಷ್ಟ್ರ ಕಡ್ಡಿಯ ಗುಟ್ಟು ರಟ್ಟಾಯಿತು. ಆಮ್ಲಕ್ಕೆ ನೀರೆಂದರೆ ಪ್ರೀತಿ. ಹಸಿರಾದ ಕಡ್ಡಿ ಹವೆಯ ತೇವವನ್ನು ಮೈಗೆ ಎಳೆದುಕೊಳ್ಳುತ್ತದೆ, ಉಜ್ಜಿ ಹುಟ್ಟಿಸಿದ ವಿದ್ಯುದಾವೇಶ ಆ ತೇವದ ದಾರಿಯಲ್ಲೇ ಸೋರಿಹೋಗುತ್ತದೆ. ಒಳ್ಳೆಯ ಅವಾಹಕವೆಂದೇ ಹೆಸರಾದ ಎಬೊನೈಟ್ ಬೆಳಕಿಗೆ ಬಿದ್ದರೆ ಮೈಮೇಲೆ ವಿದ್ಯುತ್ತಿಗೆ ದಾರಿ ಬಿಡುತ್ತದೆ ಎಂಬುದನ್ನು ವಿದ್ಯುತ್ ಉಪಕರಣಗಳ ಹಳೆಯ ತಯಾರಕರು ಚೆನ್ನಾಗಿ ಅರಿತಿದ್ದರು.

ಇನ್ನೊಂದು ಮಾತು. ಇದು ಕೊಳೆಯಲ್ಲ. ಹೊರಗಿನಿಂದ ಬಂದು ಕೂತದ್ದಲ್ಲ, ವಸ್ತುವಿನ ಮೈಯೇ ಮಾರ್ಪಟ್ಟದ್ದು. ಆದ್ದರಿಂದ ಸೋಪು ಹಾಕಿ ತಿಕ್ಕಿದರೆ ಹೋಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಳೆಯ ಪೆನ್ನನ್ನು ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ನೋಡಿದಾಗ ಅದು ಮೊದಲಿಗಿಂತ ಕಂದಾಗಿರುವುದು ಇದೇ ಕಾರಣಕ್ಕೆ.

ಪೈಪಿನ ಅಂಗರಚನೆ

ಪೈಪಿನಲ್ಲಿ ಮುಖ್ಯವಾಗಿ ಎರಡು ಭಾಗ. ತಂಬಾಕು ತುಂಬುವ ಬಟ್ಟಲು ಮತ್ತು ಅದರ ಕುತ್ತಿಗೆ ಮರದ್ದು. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಬ್ರಯರ್ ಪೊದೆಯ ಬೇರುಗಂಟಿನಿಂದ ಅದನ್ನು ಕಡೆಯುತ್ತಾರೆ. ಬೆಂಕಿಗೆ ಸುಲಭವಾಗಿ ಸುಡದ ಮರ ಅದು. ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಿನ ಸೇಂಟ್ ಕ್ಲೋಡ್ ಊರು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಕಸುಬಿಗೆ ಹೆಸರುವಾಸಿ. ಕುತ್ತಿಗೆಯ ರಂಧ್ರಕ್ಕೆ ಸಿಕ್ಕಿಸುವ ಕರಿಯ ಭಾಗವೇ ಬಾಯಿಕೊಳವೆ. ತುದಿಗೆ ಹೋಗುತ್ತ ಚಪ್ಪಟೆಯಾಗಿ, ಹಲ್ಲಿಗೆ ಸಿಕ್ಕಿ ನಿಲ್ಲಲು ಒಂದು ಸಣ್ಣ ಏರು ಅಂಚು ಇರುತ್ತದೆ.

ಮೊದಲು ಇದಕ್ಕೆ ಕೊಂಬು, ಅಂಬರ್ ಬಳಸುತ್ತಿದ್ದರು. ಅಂಬರ್ ದುಬಾರಿ, ಹಲ್ಲು ತಾಗಿದರೆ ಚೂರಾಗುತ್ತದೆ. ಎಬೊನೈಟ್ ಅಗ್ಗ, ಕಡೆಯಲು ಸುಲಭ, ಬಿಸಿ ಮಾಡಿ ಬಗ್ಗಿಸಬಹುದು, ಹಲ್ಲಿನ ಕೆಳಗೆ ತುಸು ಮೆತ್ತಗೆ. ಇಷ್ಟು ಗುಣಗಳ ಮುಂದೆ ಬಣ್ಣಗೆಡುವ ಒಂದು ಅವಗುಣವನ್ನು ಜನ ಸಹಿಸಿಕೊಂಡರು. ಈಗ ಅಕ್ರಿಲಿಕ್ ಕೊಳವೆಗಳೂ ಬಂದಿವೆ. ಅವು ಬಣ್ಣಗೆಡುವುದಿಲ್ಲ, ಆದರೆ ಹಲ್ಲಿಗೆ ಗಡುಸು.

ಕೊಳವೆಯ ಮೇಲೆ ತಯಾರಕರ ಗುರುತು ಇರುವುದುಂಟು. ಲಂಡನ್ನಿನ ಡನ್‌ಹಿಲ್ ಪೈಪಿನ ಬಿಳಿಯ ಚುಕ್ಕೆ ಪ್ರಸಿದ್ಧ. ನೇರ ಕೊಳವೆಯ ಯಾವ ಮಗ್ಗುಲು ಮೇಲೆ ಎಂದು ತಿಳಿಯಲಿ ಎಂದು ಇಟ್ಟ ಆ ಚುಕ್ಕೆ ಕೊನೆಗೆ ಅಂಗಡಿಯ ಮುದ್ರೆಯೇ ಆಯಿತು.

ಕೈಯ ಕೆಲಸ

ಕೆಲಸದ ಮೊದಲ ಪಾಠವೇ ತಾಳ್ಮೆ. ಕೊಳವೆಯನ್ನು ಮರದಿಂದ ಬಿಡಿಸುವಾಗ ಪೈಪು ತಣ್ಣಗಿರಬೇಕು. ಬಿಸಿಗೆ ಹಿಗ್ಗಿದ್ದಾಗ ತಿರುಚಿದರೆ ಮರದ ಕುತ್ತಿಗೆ ಸೀಳುತ್ತದೆ. ಒಳಗಿನ ರಂಧ್ರಕ್ಕೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಸುತ್ತಿದ ತಂತಿ ತೂರಿಸಿ, ತಂತಿ ಬೆಳ್ಳಗೆ ಹೊರಬರುವ ತನಕ ತೊಳೆಯುತ್ತಾರೆ. ಹತ್ತಾರು ವರ್ಷಗಳ ಟಾರು ಕಾಫಿ ಗಸಿಯ ಹಾಗೆ ಇಳಿದುಬರುತ್ತದೆ.

ಆಮೇಲೆ ಹೊರಮೈ. ಇಲ್ಲಿ ಅವಸರದವರಿಗೆ ಒಂದು ಅಡ್ಡದಾರಿ ಕಾಣುತ್ತದೆ: ಬಟ್ಟೆಗೆ ಹಾಕುವ ಬ್ಲೀಚಿಂಗ್ ದ್ರಾವಣ. ಅದರಲ್ಲಿ ಮುಳುಗಿಸಿಟ್ಟರೆ ಹಸಿರು ಹೋಗುವುದು ನಿಜ, ಆದರೆ ಕೊಳವೆಯ ಮೈಯಲ್ಲಿ ಸಣ್ಣಸಣ್ಣ ಗುಳಿ ಬಿದ್ದು ಕಾಲುಜ್ಜುವ ಕಲ್ಲಿನಂತಾಗುತ್ತದೆ. ಅದನ್ನು ನುಣುಪು ಮಾಡಲು ಆಮೇಲೆ ಇಮ್ಮಡಿ ದುಡಿಮೆ. ಅನುಭವಿಗಳು ಅಡುಗೆ ಸೋಡಾದ ಹಿಟ್ಟನ್ನು ತುಸು ನೀರಿನಲ್ಲಿ ಕಲಸಿ ಬಟ್ಟೆಯಿಂದ ಉಜ್ಜುತ್ತಾರೆ. ಸೋಡಾ ಪ್ರತ್ಯಾಮ್ಲ, ಮೇಲಿನ ಆಮ್ಲವನ್ನು ತಟಸ್ಥ ಮಾಡುತ್ತದೆ. ಅದರ ಕಣಗಳು ಮೆದುವಾಗಿರುವುದರಿಂದ ಸಡಿಲ ಪದರವನ್ನಷ್ಟೇ ಕೆರೆಯುತ್ತವೆ. ಬಟ್ಟೆ ಕಂದಾಗುತ್ತ ಹೋದಂತೆ ಕೆಲಸ ಸಾಗುತ್ತಿದೆ ಎಂದು ಅರ್ಥ.

ಇನ್ನು ಹಲ್ಲಿನ ಗುರುತು. ಇಲ್ಲಿ ಎಬೊನೈಟಿನ ಒಂದು ಸೋಜಿಗದ ಗುಣ ನೆರವಿಗೆ ಬರುತ್ತದೆ. ಅದಕ್ಕೆ ನೆನಪಿದೆ! ಕಚ್ಚಿ ಕಚ್ಚಿ ತಗ್ಗಾದ ಜಾಗವನ್ನು ತುಸು ಬಿಸಿ ಮಾಡಿದರೆ, ಒತ್ತಿಹೋಗಿದ್ದ ಅಣುಗಳ ಬಲೆ ಸಡಿಲಗೊಂಡು ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ತಗ್ಗು ಕಣ್ಣೆದುರಿಗೇ ಮೇಲೇಳುತ್ತದೆ. ಗಂಧಕದ ಗಂಟುಗಳು ಬಿಚ್ಚದೆ ಉಳಿದಿರುವುದೇ ಇದಕ್ಕೆ ಕಾರಣ. ಆದರೆ ಈ ನೆನಪು ಎರಡಲಗಿನ ಕತ್ತಿ. ತಯಾರಿಸುವಾಗ ಬಿಸಿ ಮಾಡಿ ಬಗ್ಗಿಸಿದ್ದ ಕೊಳವೆಗೆ ಶಾಖ ಹೆಚ್ಚಾದರೆ, ಅದು ಬಗ್ಗುವುದಕ್ಕೆ ಮುಂಚಿನ ದಿನವನ್ನೂ ನೆನೆದು ನೆಟ್ಟಗಾಗಿಬಿಡುತ್ತದೆ! ಮೇಲೇಳದ ಆಳವಾದ ಗುಳಿಗಳಿಗೆ ಸೂಪರ್ ಗ್ಲೂ ಜೊತೆ ಇದ್ದಿಲ ಪುಡಿ ಬೆರೆಸಿ ತುಂಬುವುದು ರೂಢಿ.

ಆಮೇಲೆ ಬರುವುದು ಕೆಲಸದ ಬೆನ್ನೆಲುಬು, ಕಾಗದದಿಂದ ಉಜ್ಜುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರಿನ ಹಿಂಬದಿಯಲ್ಲಿ ಒಂದು ಅಂಕಿ ಅಚ್ಚಾಗಿರುತ್ತದೆ. ಅಂಕಿ ದೊಡ್ಡದಾದಷ್ಟೂ ಕಣ ಸಣ್ಣದು. 220ರ ಕಾಗದದ ಕಣ ಸುಮಾರು 68 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. 400ರದು ಸುಮಾರು 35, 1000ದ್ದು 18, 2000ದ್ದು 10 ಮೈಕ್ರಾನ್. ಕಾಗದವನ್ನು ನೀರಿನಲ್ಲಿ ಅದ್ದಿಕೊಂಡು 400, 600, 800, 1000, 1500, 2000 ಎಂದು ಮೆಟ್ಟಿಲು ಹತ್ತುತ್ತ ಹೋಗಬೇಕು. ಒಂದು ಮೆಟ್ಟಿಲು ಬಿಟ್ಟರೂ ಆಟ ಕೆಟ್ಟಿತು. ಏಕೆಂದರೆ ಪ್ರತಿ ಕಾಗದದ ಕೆಲಸ ಹೊಳಪು ತರುವುದಲ್ಲ, ಹಿಂದಿನ ಕಾಗದದ ಗೀರನ್ನು ಅಳಿಸಿ ತನ್ನ ಸಣ್ಣ ಗೀರನ್ನು ಬಿಡುವುದು.

ಹಿಂದಿನ ಗೀರು ಅಳಿಸಿತೇ ಎಂದು ತಿಳಿಯುವ ಉಪಾಯ ಸರಳ. ಒಂದು ಕಾಗದವನ್ನು ಉದ್ದಕ್ಕೆ ಉಜ್ಜಿದರೆ ಮುಂದಿನದನ್ನು ಅಡ್ಡಕ್ಕೆ ಉಜ್ಜುವುದು. ಅಡ್ಡ ಗೀರುಗಳ ನಡುವೆ ಉದ್ದ ಗೀರು ಒಂದೂ ಕಾಣದಾದಾಗ ಮುಂದಿನ ಮೆಟ್ಟಿಲು. ನಡುನಡುವೆ ತೊಳೆದು ಒರೆಸಬೇಕು. ಒರಟು ಕಾಗದದ ಒಂದೇ ಒಂದು ಕಣ ನಯವಾದ ಕಾಗದಕ್ಕೆ ಅಂಟಿಕೊಂಡರೂ ಮಾಡಿದ್ದೆಲ್ಲ ವ್ಯರ್ಥ. ನೀರು ಹಾಕಿ ಉಜ್ಜುವುದರಿಂದ ಇನ್ನೊಂದು ಲಾಭವೂ ಇದೆ. ಗಂಧಕ ತುಂಬಿದ ಆ ಧೂಳು ಮೂಗಿಗೆ ಹೋಗುವುದಿಲ್ಲ.

ಕೈತಪ್ಪುವ ಜಾಗಗಳು ಎರಡು. ಒಂದು, ಹಲ್ಲಿನ ಹಿಡಿತದ ಏರು ಅಂಚು. ಅದು ಸವೆದು ದುಂಡಾದರೆ ಕೊಳವೆ ಬಾಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಮರಕ್ಕೆ ಕೂಡುವ ಕೀಲು. ಕೊಳವೆಯನ್ನು ಬೇರೆಯಾಗಿಟ್ಟು ಉಜ್ಜಿದರೆ ಅದರ ಅಂಚು ಸವೆದು, ಮತ್ತೆ ಜೋಡಿಸಿದಾಗ ಮರಕ್ಕೂ ಕೊಳವೆಗೂ ನಡುವೆ ಹಳ್ಳ ಕಾಣುತ್ತದೆ. ಅದಕ್ಕಾಗಿ ನಡುವೆ ಪ್ಲಾಸ್ಟಿಕ್ಕಿನ ತೆಳು ಬಿಲ್ಲೆ ಸಿಕ್ಕಿಸಿ, ಜೋಡಿಸಿಟ್ಟೇ ಉಜ್ಜುತ್ತಾರೆ.

2000 ದಾಟಿದ ಮೇಲೆ ಕಾಗದದ ಕಾಲ ಮುಗಿಯಿತು. ವಿಮಾನದ ಅಕ್ರಿಲಿಕ್ ಕಿಟಕಿಗಳ ಗೀರು ತೆಗೆಯಲು ಬಳಸುವ ಮೆತ್ತನೆಯ ಉಜ್ಜುಬಟ್ಟೆಗಳು ಈಗ ಸಿಗುತ್ತವೆ. ಅವು ಇಲ್ಲದಿದ್ದರೆ ಹಿತ್ತಾಳೆ ತಿಕ್ಕುವ ಪಾಲಿಶ್ ಸಾಕು. ಹಳೆಯ ಬನಿಯನ್ ಬಟ್ಟೆಗೆ ಒಂದು ತೊಟ್ಟು ಹಾಕಿ ವೃತ್ತಾಕಾರವಾಗಿ ತಿಕ್ಕಿದರೆ ಮಂಕಾಗಿದ್ದ ಮೈಯಿಂದ ಕಪ್ಪು ಹೊಳಪು ನಿಧಾನವಾಗಿ ಮೇಲೆ ಬರುತ್ತದೆ. ಕೊನೆಗೆ ಮೇಣ. ಬ್ರೆಜಿಲ್ ದೇಶದ ಒಂದು ಬಗೆಯ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನಾಬಾ ಮೇಣಕ್ಕೆ ಅಗ್ರಸ್ಥಾನ. ಕಾರಿಗೆ ಹಚ್ಚುವ ಮೇಣಗಳಲ್ಲೂ ಅದಿರುತ್ತದೆ.

ಇಷ್ಟನ್ನು ಮೋಟಾರಿನ ಬಟ್ಟೆಚಕ್ರಕ್ಕೆ ಹಿಡಿದು ಐದೇ ನಿಮಿಷದಲ್ಲಿ ಮಾಡಬಹುದಲ್ಲ ಎನ್ನಬಹುದು. ಮಾಡುವವರೂ ಇದ್ದಾರೆ. ಆದರೆ ಚಕ್ರದ ಘರ್ಷಣೆಗೆ ಎಬೊನೈಟ್ ಬಿಸಿಯಾಗಿ ಮೈ ಸುಟ್ಟುಕೊಳ್ಳುತ್ತದೆ, ಅಂಚುಗಳು ಕ್ಷಣದಲ್ಲಿ ಕರಗಿದಂತೆ ದುಂಡಾಗುತ್ತವೆ. ಬೆರಳಿಗೆ ಗೊತ್ತಾಗುವುದು ಚಕ್ರಕ್ಕೆ ಗೊತ್ತಾಗುವುದಿಲ್ಲ.

ಹೊಳಪು ಎಂದರೇನು?

ಕೊನೆಯ ತನಕ ಉಜ್ಜಿದರೂ ಗೀರು ಹೋಗುವುದಿಲ್ಲ, ಸಣ್ಣದಾಗುತ್ತದೆ ಅಷ್ಟೆ. ಹಾಗಾದರೆ ಹೊಳಪು ಬಂದದ್ದು ಎಲ್ಲಿಂದ? ಉತ್ತರ ಬೆಳಕಿನಲ್ಲಿದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಮೇಲ್ಮೈಯ ಏರುತಗ್ಗುಗಳು ಇದಕ್ಕಿಂತ ದೊಡ್ಡದಿದ್ದರೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ, ಮೈ ಮಂಕಾಗಿ ಬೂದಿಯಂತೆ ಕಾಣುತ್ತದೆ. ಏರುತಗ್ಗುಗಳು ಅಲೆಗಿಂತ ಸಾಕಷ್ಟು ಸಣ್ಣದಾದಾಗ ಬೆಳಕಿಗೆ ಅವು ಇದ್ದೂ ಇಲ್ಲದಂತೆ. ಎಲ್ಲ ಕಿರಣಗಳೂ ಒಂದೇ ಶಿಸ್ತಿನಲ್ಲಿ ಹಿಂದಿರುಗುತ್ತವೆ. ಮಣ್ಣಿನ ರಸ್ತೆಯಲ್ಲಿ ಎತ್ತಿನಗಾಡಿಯ ದೊಡ್ಡ ಚಕ್ರಕ್ಕೆ ಸಣ್ಣ ಕಲ್ಲು ಲೆಕ್ಕಕ್ಕಿಲ್ಲದ ಹಾಗೆ. ಮನೆಯ ಕೆಂಪು ನೆಲವನ್ನು ಒರೆಸಿ ಒರೆಸಿ ಮುಖ ಕಾಣುವಂತೆ ಮಾಡುವ ಗೃಹಿಣಿಯೂ, ದೂರದರ್ಶಕದ ಕನ್ನಡಿ ತಿಕ್ಕುವ ವಿಜ್ಞಾನಿಯೂ ಮಾಡುವುದು ಇದನ್ನೇ.

ಎಲ್ಲಿ ನಿಲ್ಲಿಸಬೇಕು?

ಉಜ್ಜುವುದೆಂದರೆ ತೆಗೆಯುವುದು. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ವಸ್ತುವಿನ ಒಂದು ತೆಳು ಪದರ ಹೊರಟುಹೋಗುತ್ತದೆ, ಮತ್ತೆ ಬಾರದು. ಅದರ ಜೊತೆ ಬೇರೆ ಏನೇನು ಹೋಗುತ್ತದೆ ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ.

ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಬಳಸಿದ ಒಂದು ಪೈಪಿದೆ. ಬಟ್ಟಲು ಸಾಧಾರಣದ್ದು. ಬಾಯಿಕೊಳವೆಯ ತುದಿ ಕಚ್ಚಿ ಕಚ್ಚಿ ತೂತಾಗಿದೆ. ವೈದ್ಯರ ಮಾತಿಗೆ ಕಟ್ಟುಬಿದ್ದು ಸೇದುವುದನ್ನು ಕಡಿಮೆ ಮಾಡಿದ ಮೇಲೂ ಖಾಲಿ ಪೈಪನ್ನು ಬಾಯಲ್ಲಿಟ್ಟುಕೊಂಡು ಯೋಚಿಸುವುದು ಅವರ ಅಭ್ಯಾಸವಾಗಿತ್ತು. ರಿಪೇರಿಯವರ ಕೈಗೆ ಸಿಕ್ಕಿದ್ದರೆ ಆ ತೂತು ಒಂದು ಗಂಟೆಯಲ್ಲಿ ಮುಚ್ಚಿಹೋಗುತ್ತಿತ್ತು, ಕೊಳವೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆಗ ಅದು ಅಂಗಡಿಯಲ್ಲಿ ಸಿಗುವ ಇನ್ನೊಂದು ಪೈಪು. ನೋಡಲು ಬಂದವರು ನಿಂತು ನೋಡುವುದು ಆ ತೂತನ್ನೇ.

ಆದ್ದರಿಂದಲೇ ಮ್ಯೂಸಿಯಂನವರ ಧರ್ಮ ಬೇರೆ, ರಿಪೇರಿಯವರ ಧರ್ಮ ಬೇರೆ. ಬಳಸುವ ವಸ್ತುವಾದರೆ ಅದು ಕೆಲಸಕ್ಕೆ ಬರಬೇಕು, ಉಜ್ಜುವುದೇ ಸರಿ. ನೆನಪಿನ ವಸ್ತುವಾದರೆ ಕತ್ತಲಲ್ಲಿ, ತೇವವಿಲ್ಲದ ಕಡೆ ಇಟ್ಟು ಇನ್ನಷ್ಟು ಕೆಡದಂತೆ ನೋಡಿಕೊಂಡರೆ ಸಾಕು. ಕೈಗೆ ಕಾಗದ ತೆಗೆದುಕೊಳ್ಳುವ ಮುಂಚೆ ಈ ಎರಡರಲ್ಲಿ ಯಾವುದು ಎಂದು ಮನೆಯವರು ಕೂತು ತೀರ್ಮಾನಿಸಬೇಕು.

ನಮ್ಮಲ್ಲಿ ಈ ಪ್ರಶ್ನೆ ಹೆಚ್ಚಾಗಿ ಎದ್ದೇಳುವುದು ಪೆನ್ನಿನ ವಿಷಯದಲ್ಲಿ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಕಾಲದಿಂದ ನಾಲ್ಕು ದಶಕ ಒಳ್ಳೆಯ ಪೆನ್ನುಗಳ ಮೈ ಬಹುಪಾಲು ಎಬೊನೈಟಿನದೇ. 1920ರ ದಶಕದಲ್ಲಿ ಬಣ್ಣಬಣ್ಣದ ಸೆಲ್ಯುಲಾಯ್ಡ್ ಬಂದು ಅದನ್ನು ಹಿಂದೆ ಸರಿಸಿತು. ಆದರೆ ಭಾರತದಲ್ಲಿ ಅದು ಕಣ್ಮರೆಯಾಗಲಿಲ್ಲ. ಗೋದಾವರಿ ದಂಡೆಯ ರಾಜಮಂಡ್ರಿಯಲ್ಲಿ ಕೆ. ವಿ. ರತ್ನಂ ಅವರು 1930ರ ದಶಕದ ಮೊದಲಲ್ಲಿ ಎಬೊನೈಟ್ ಕಡೆದು ಸ್ವದೇಶಿ ಪೆನ್ನು ಮಾಡಿದರು. ಗಾಂಧೀಜಿಗೆ ಜೆ. ಸಿ. ಕುಮಾರಪ್ಪನವರ ಮೂಲಕ ತಲುಪಿದ ಆ ಪೆನ್ನಿಗೆ 1935ರಲ್ಲಿ ಅವರಿಂದ ಮೆಚ್ಚುಗೆಯ ಕಾಗದವೂ ಬಂತು. ದಕ್ಷಿಣ ಭಾರತದಲ್ಲಿ ಎಬೊನೈಟ್ ಪೆನ್ನನ್ನು ಕೈಯಿಂದ ಕಡೆಯುವವರು ಇಂದಿಗೂ ಇದ್ದಾರೆ. ಪ್ಲಾಸ್ಟಿಕ್ ಮೈಯ ಪೆನ್ನಿನಲ್ಲೂ ನಿಬ್ಬಿನ ಕೆಳಗೆ ಶಾಯಿ ಹರಿಸುವ ಗೀರುಗೀರಿನ ತುಂಡನ್ನು ಎಬೊನೈಟಿನಲ್ಲೇ ಮಾಡುವವರಿದ್ದಾರೆ, ಏಕೆಂದರೆ ಶಾಯಿ ಅದರ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಉಜ್ಜುವ ಉತ್ಸಾಹದಲ್ಲಿ ಆ ತುಂಡಿಗೆ ಮಾತ್ರ ಪಾಲಿಶ್ ತಾಗಿಸಬಾರದು. ನುಣುಪಾದರೆ ಶಾಯಿ ಹರಿಯದು.

ಅಜ್ಜನ ಪೆನ್ನಿನ ಮೇಲೆ ತಯಾರಕರ ಹೆಸರು ಸಣ್ಣದಾಗಿ ಒತ್ತಿರುತ್ತದೆ. ಕೆಲವೊಮ್ಮೆ ಅಜ್ಜನ ಹೆಸರನ್ನೇ ಕೆತ್ತಿಸಿರುತ್ತಾರೆ. ಆ ಅಕ್ಷರಗಳ ಆಳ ಕೂದಲೆಳೆಯಷ್ಟು. 400ರ ಕಾಗದಕ್ಕೆ ಅದನ್ನು ಅಳಿಸಲು ಎರಡು ನಿಮಿಷ ಸಾಕು. ಅಂಥ ಕಡೆ ಟೇಪು ಅಂಟಿಸಿ ಮುಚ್ಚಿ, ಸುತ್ತ ಮಾತ್ರ ಪಾಲಿಶ್ ಬಟ್ಟೆಯಿಂದ ಮೆಲ್ಲಗೆ ತಿಕ್ಕಬೇಕು. ಅಕ್ಷರದ ಸುತ್ತ ತುಸು ಕಂದು ಉಳಿದರೆ ಉಳಿಯಲಿ.

ಪೈಪನ್ನು ಬಾಯಿಗಿಡುವ ಮಾತು

ಪೈಪು ಗಾಂಭೀರ್ಯದ ಗುರುತೆಂದು ಕಥೆ, ಸಿನಿಮಾಗಳು ಬಿಂಬಿಸಿವೆ. ಸಿಗರೇಟಿನಂತೆ ಹೊಗೆಯನ್ನು ಒಳಗೆಳೆಯುವುದಿಲ್ಲವಾದ್ದರಿಂದ ಅಪಾಯವಿಲ್ಲ ಎನ್ನುವವರೂ ಉಂಟು. ಅದು ತಪ್ಪು. ಪೈಪು ಸೇದುವವರಲ್ಲಿ ತುಟಿಯ ಕ್ಯಾನ್ಸರ್ ಹೆಚ್ಚೆಂದು ಜರ್ಮನಿಯ ವೈದ್ಯ ಸೋಮ್ಮರಿಂಗ್ 1795ರಷ್ಟು ಹಿಂದೆಯೇ ಗುರುತಿಸಿದ್ದ. ಅಮೆರಿಕದ ಸರ್ಜನ್ ಜನರಲ್ ಅವರ 1964ರ ಪ್ರಸಿದ್ಧ ವರದಿಯೂ ಪೈಪಿಗೂ ತುಟಿಯ ಕ್ಯಾನ್ಸರಿಗೂ ಕಾರ್ಯಕಾರಣ ಸಂಬಂಧವಿದೆ ಎಂದಿತು. ತಾತನ ಪೈಪು ಮನೆಯಲ್ಲಿದ್ದರೆ ಅದನ್ನು ಉಜ್ಜಿ ಗಾಜಿನ ಕಪಾಟಿನಲ್ಲಿಡಲಿ. ತಂಬಾಕು ತುಂಬುವ ಕೆಲಸ ಮಾತ್ರ ಬೇಡ.

ಮಾಡಿ ನೋಡಿ

ಶಾಲೆಯ ಹಳೆಯ ಎಬೊನೈಟ್ ಕಡ್ಡಿಗೆ ನೆನಪಿನ ಹಂಗಿಲ್ಲ, ಅದು ಕೆಲಸಕ್ಕಿರುವ ವಸ್ತು. ಮೇಷ್ಟ್ರ ಅನುಮತಿ ಪಡೆದು ಕಡ್ಡಿಯ ಅರ್ಧ ಭಾಗವನ್ನು ಮಾತ್ರ ವಾಟರ್ ಪೇಪರಿನಿಂದ 400ರಿಂದ 2000ದ ತನಕ ಮೆಟ್ಟಿಲುಮೆಟ್ಟಿಲಾಗಿ ಉಜ್ಜಿ. ಉಳಿದರ್ಧವನ್ನು ಹಸಿರಾಗಿಯೇ ಬಿಡಿ. ತೊಳೆದು, ಒರೆಸಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ.

ಮೊದಲು ಒದ್ದೆ ಮಾಡಿದ ನೀಲಿ ಲಿಟ್ಮಸ್ ಕಾಗದವನ್ನು ಹಸಿರು ಭಾಗಕ್ಕೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಮೇಲೆ ಇನ್ನೊಂದನ್ನು ಕಪ್ಪು ಭಾಗಕ್ಕೆ. ಬಣ್ಣದಲ್ಲಿ ವ್ಯತ್ಯಾಸ ಬಂದರೆ ಬರೆದುಕೊಳ್ಳಿ. ಕಡ್ಡಿಯನ್ನು ಮತ್ತೆ ಒಣಗಿಸಿ ಎರಡೂ ಭಾಗಗಳನ್ನು ಉಣ್ಣೆ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿ, ಕಾಗದದ ಚೂರುಗಳ ಮೇಲೆ ಒಂದೊಂದಾಗಿ ಹಿಡಿಯಿರಿ. ಯಾವ ಭಾಗ ಎಷ್ಟು ಚೂರು ಎತ್ತಿತು, ಎಷ್ಟು ಹೊತ್ತು ಹಿಡಿದಿಟ್ಟಿತು ಎಂದು ಎಣಿಸಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿದರೆ ಹವೆಯ ತೇವದ ಪಾಲೆಷ್ಟು, ಕಡ್ಡಿಯ ಮೈಯ ಪಾಲೆಷ್ಟು ಎಂಬುದೂ ತಿಳಿಯುತ್ತದೆ.

ಪ್ರಯೋಗ ಮುಗಿದ ಮೇಲೆ ಕಡ್ಡಿಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಬೀರುವಿನ ಒಳಮೂಲೆಯಲ್ಲಿಡಲು ಮರೆಯಬೇಡಿ. ಕಿಟಕಿಯ ಹತ್ತಿರ ಇಟ್ಟರೆ ಅದು ಮತ್ತೆ ಹಸಿರಾಗುತ್ತದೆ.